ತಿರುವಿನಲ್ಲಿ ಹಿಡಿಯುವ ಕಾರು

ಅಮೆರಿಕದ ಎಲಿಕಾಟ್ ಸಿಟಿಯಲ್ಲಿ ಆಯುಧಪೂಜೆಗೆ ಬಾಳೆಕಂಬ ಎಲ್ಲಿಂದ ತರುವುದು? ಅಕ್ಟೋಬರ್ ಬಂದರೆ ಅಲ್ಲಿನ ಜನ ಹ್ಯಾಲೋವೀನಿಗೆಂದು ಮನೆ ಮುಂದೆ ಒಣಗಿದ ಮುಸುಕಿನಜೋಳದ ದಂಟು ನಿಲ್ಲಿಸುತ್ತಾರೆ. ಮಹಾದೇವಕ್ಕ ಅದನ್ನೇ ಎರಡು ಕಟ್ಟು ತರಿಸಿ, ಗರಾಜಿನ ಬಾಗಿಲಿನ ಆಚೀಚೆ ನಿಲ್ಲಿಸಿ, ಮಗ ಹರಿಪ್ರಸಾದನ ಕೈಯಲ್ಲಿ ಮೊಳೆ ಹೊಡೆಸಿದಳು.

“ಬಾಳೆ ಇಲ್ಲಾಂದ್ರೆ ಜೋಳ. ದೇವರೇನು ವೀಸಾ ಆಫೀಸಿನೋನಾ, ಅದೇ ಬೇಕು ಇದೇ ಬೇಕು ಅನ್ನಕ್ಕೆ?” ಎಂದಳು.

ಪೂಜೆ ಕಾರಿಗೆ. ತೊಂಬತ್ತಾರರ ಜನವರಿಯಲ್ಲಿ ಬಿದ್ದ ಮಹಾ ಹಿಮದಲ್ಲಿ ಮನೆಯವರೆಲ್ಲ ಗೂಡಿನ ಕೋಳಿಗಳಂತೆ ಒಳಗೇ ಕೂತಮೇಲೆ ಹರಿ ಹಟ ಹಿಡಿದು ಕೊಂಡ ಕಾರು ಅದು. ಒಬ್ಬರು ಓಡಿಸಿ ಬಿಟ್ಟದ್ದು. ಗೇರು ಆಟೋಮ್ಯಾಟಿಕ್. ಎಂಜಿನ್ನಿನ ಬಲ ಮುಂದಿನ ಎರಡು ಚಕ್ರಕ್ಕೆ ಮಾತ್ರವಲ್ಲ, ನಾಲ್ಕಕ್ಕೂ ಹೋಗುವುದರಿಂದ ಹಿಮದಲ್ಲೂ ಜಾರದೆ ನಡೆಯುತ್ತದೆ ಎಂದು ಮಾರಿದವನು ಹೇಳಿದ್ದ. ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣಿಟ್ಟರು. ಮಹಾದೇವಕ್ಕನೇ ಸ್ಟಿಯರಿಂಗ್ ಹಿಡಿದು ಕಾರನ್ನು ಮುಂದೆ ಸರಿಸಿದಳು. ನಿಂಬೆಹಣ್ಣು ಪಚಕ್ಕೆಂದವು. ದಂಟಿನಿಂದ ಕಳಚಿ ಬಿದ್ದಿದ್ದ ಮೊಳೆಯೊಂದು ಹಿಂದಿನ ಎಡ ಟೈರಿನ ಅಂಚಿಗೆ ನುಗ್ಗಿದ್ದು ಮಾತ್ರ ಯಾರಿಗೂ ಕಾಣಲಿಲ್ಲ. ಬೆಳಗ್ಗೆ ನೋಡಿದರೆ ಟೈರು ನೆಲಕ್ಕೆ ಅಂಟಿಕೊಂಡಿತ್ತು.

ಟೈರಿನ ಅಂಗಡಿಗೆ ತಾಯಿ ಮಗ ಇಬ್ಬರೂ ಹೋದರು. ಅಂಚಿನಲ್ಲಿ ತೂತಾದರೆ ಪ್ಯಾಚ್ ಹಾಕುವ ಹಾಗಿಲ್ಲ, ಹೊಸದೇ ಆಗಬೇಕು ಎಂದ ಅಂಗಡಿಯವನು. ಆಮೇಲೆ, “ಈ ಥರದ ಕಾರಿಗೆ ನಾಲ್ಕೂ ಒಂದೇ ಸಮ ಇರಬೇಕು. ನಾಲ್ಕೂ ಬದಲಾಯಿಸಿಬಿಡಿ” ಎಂದೂ ಸೇರಿಸಿದ.

ಹರಿ ಅದನ್ನು ಕನ್ನಡಕ್ಕೆ ತಿರುಗಿಸುವ ಮೊದಲೇ ಮಹಾದೇವಕ್ಕನಿಗೆ ಅರ್ಥವಾಗಿತ್ತು. “ಉಳಿದ ಮೂರು ಗಟ್ಟಿಯಾಗಿವೆ ತಾನೆ?”

“ಇವೆ ಅವ್ವ. ಇನ್ನೊಂದೆರಡು ವರ್ಷ ಬರ್ತವೆ.”

“ಮತ್ತಿನ್ನೇನು? ರವಿಕೆ ಕಣ ಕೇಳಕ್ಕೆ ಹೋದ್ರೆ ಅಂಗಡಿಯೋನು ಸೀರೆನೂ ನೋಡಿ ಅಂತಾನೆ. ಒಂದೇ ಹಾಕ್ಸು.”

ಹರಿಯ ಮನಸ್ಸಿನಲ್ಲಿದ್ದದ್ದೂ ಅದೇ. ಹೊಸ ಟೈರಿನ ಮೇಲೆ ಬರೆದ ಅಳತೆಯೂ ಹಳೆಯದರದೇ. ಒಂದೇ ಹಾಕಿಸಿದರು. ಹಬ್ಬದ ಮಾರನೆಯ ದಿನ ಮನೆಗೆ ಹೊಸದೊಂದು ಬಂತು, ಶುಭ, ಎಂದು ಮಹಾದೇವಕ್ಕ ಅದಕ್ಕೂ ಒಂದು ಕುಂಕುಮದ ಬೊಟ್ಟಿಟ್ಟಳು.

*

ಮಹಾದೇವಕ್ಕ ನಂಜನಗೂಡಿನವಳು. ಗಂಡ ಹೋದಮೇಲೆ ಮೈಸೂರಿನಲ್ಲಿ ರವಿಕೆ ಹೊಲಿದು ಮಗನನ್ನು ಓದಿಸಿದವಳು. ಮಗನ ಮನೆಗೆ ಬಂದು ಆರು ವರ್ಷವಾಗಿತ್ತು. ಮೊದಲ ಎರಡು ವರ್ಷ ಕಿಟಕಿಯ ಪಕ್ಕ ಕೂತು ಎದುರುಮನೆಯ ನಾಯಿಯ ದಿನಚರಿ ಕಲಿತಳು. ಮೂರನೆಯ ವರ್ಷ, “ನಾಯಿನೂ ದಿನಕ್ಕೆರಡು ಸಲ ಹೊರಗೆ ಹೋಗ್ಬರತ್ತೆ” ಎಂದು ಎದ್ದವಳು ಡ್ರೈವಿಂಗ್ ಕಲಿತು, ಎರಡು ಸಲ ನಪಾಸಾಗಿ, ಮೂರನೆಯ ಸಲಕ್ಕೆ ಲೈಸೆನ್ಸ್ ತಂದಳು. ಅಲ್ಲಿಂದ ತರಕಾರಿ ಅವಳದು, ಹಾಲು ಅವಳದು, ಮೊಮ್ಮಗಳು ಅಮೂಲ್ಯಾಳನ್ನು ಬ್ಯಾಂಡ್ ಪ್ರಾಕ್ಟೀಸಿನಿಂದ ಕರೆತರುವುದು ಅವಳದು. ವಾರಕ್ಕೆರಡು ಸಂಜೆ ಹೈಸ್ಕೂಲಿನ ಕಟ್ಟಡದಲ್ಲಿ ನಡೆಯುವ ದೊಡ್ಡವರ ಕ್ಲಾಸಂತೂ ಪೂರ್ತಿ ಅವಳದೇ. ಡಿಸೆಂಬರಿನಲ್ಲಿ ಅದರ ಪರೀಕ್ಷೆ. ಪಾಸಾದರೆ ಹೈಸ್ಕೂಲ್ ಮುಗಿಸಿದವರ ಸಮ.

ಕ್ಲಾಸಿಗೆ ಜೊತೆ ಜೈನಬ್. ಮೈಸೂರಿನ ಮಂಡಿ ಮೊಹಲ್ಲಾದವಳು, ಈಗ ಎರಡು ಬೀದಿ ಆಚೆ ಮಗ ನಿಹಾಲನ ಮನೆಯಲ್ಲಿದ್ದಳು. ಅವಳಿಗೆ ಡ್ರೈವಿಂಗ್ ಬಾರದು. ಮಹಾದೇವಕ್ಕನ ಕಾರು ಹೊರಟರೆ ಅವಳೂ ಹೊರಟಳು, ನಿಂತರೆ ಅವಳೂ ನಿಂತಳು.

ಕಾರು ಮೊದಲ ಸಲ ಹಿಡಿದದ್ದು ದೀಪಾವಳಿಯ ಹಿಂದಿನ ವಾರ, ರೂಟ್ ನಲವತ್ತು ಎಂಬ ಹೆದ್ದಾರಿಯ ಪಕ್ಕದ ಇಂಡಿಯನ್ ಗ್ರೋಸರಿಯ ಪಾರ್ಕಿಂಗ್ ಲಾಟಿನಲ್ಲಿ. ಜೈನಬ್ ಪಕ್ಕದ ಸೀಟಿನಲ್ಲಿದ್ದಳು. ಮಹಾದೇವಕ್ಕ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಮೆಲ್ಲಗೆ ಒಂದು ಜಾಗಕ್ಕೆ ಕಾರನ್ನು ಹೊಗಿಸುತ್ತಿದ್ದಳು. ಹಿಂದಿನಿಂದ ಯಾರೋ ಸೆರಗು ಹಿಡಿದೆಳೆದಂತೆ ಕಾರು ಬಿಗಿಯಿತು. ಆಕ್ಸಿಲರೇಟರ್ ಒತ್ತಿದರೆ ದಡ್ ದಡ್ ಎಂದು ಕುಪ್ಪಳಿಸಿತು.

“ಏನಕ್ಕ ಇದು? ಕಾರು ಕುಂಟ್ತಾ ಇದೆ.”

“ಹ್ಯಾಂಡ್‌ಬ್ರೇಕ್ ಹಾಕಿದ್ದೀನಾ ನೋಡೇ.”

“ಇಲ್ಲ, ಕೆಳಗೇ ಇದೆ.”

ಸ್ಟಿಯರಿಂಗ್ ನೆಟ್ಟಗೆ ಮಾಡಿದರೆ ಕಾರು ಬೆಣ್ಣೆ. ತಿರುಗಿಸಿದರೆ ಮತ್ತೆ ಕುಂಟು. ಮಾರನೆಯ ದಿನ ಶಾಲೆಯ ಲಾಟಿನಲ್ಲೂ ಹಾಗೇ ಆಯಿತು. ಅದರ ಮಾರನೆಯ ದಿನ ಮಳೆ ಹೊಯ್ಯಿತು, ಕಾರು ಹಿಡಿಯಲೇ ಇಲ್ಲ. ಮಳೆ ನಿಂತು ನೆಲ ಒಣಗಿತು, ಮತ್ತೆ ಹಿಡಿಯಿತು.

*

“ಅವ್ವ, ನೀನು ಎಡಗಾಲನ್ನ ಬ್ರೇಕ್ ಮೇಲಿಟ್ಕೊಂಡು ಓಡಿಸ್ತಾ ಇದ್ದೀಯ,” ಎಂದ ಹರಿ. ರಾತ್ರಿಯ ಊಟಕ್ಕೆ ಸೊಪ್ಪಿನ ಸಾರು, ಮುದ್ದೆ. ಹರಿ ಮುದ್ದೆ ಮುರಿಯುತ್ತಲೇ ತೀರ್ಪು ಕೊಟ್ಟಿದ್ದ.

“ನನ್ನ ಎಡಗಾಲು ನಿನ್ನ ಕಾಲಕ್ಕಿಂತ ಮುಂಚೆಯಿಂದ ನಂಗೆ ಗೊತ್ತಪ್ಪ. ಅದು ಬ್ರೇಕ್ ಹತ್ರ ಹೋಗಲ್ಲ.”

“ನಾನು ಓಡಿಸ್ದಾಗ ಯಾಕೆ ಹಿಡಿಯಲ್ಲ?”

ಅದು ನಿಜವೇ. ಹರಿಯ ಆಫೀಸು ದೂರದ ರೆಸ್ಟನ್ನಿನಲ್ಲಿ. ಒಂದು ವಾರ ಈ ಕಾರು, ಒಂದು ವಾರ ಜೊತೆಗಾರ ಶೇಷಾದ್ರಿಯ ಕಾರು, ಹೀಗೆ ಇಬ್ಬರೂ ಸೇರಿ ಹೋಗಿಬರುತ್ತಿದ್ದರು.

“ನೀನು ಓಡಿಸೋದು ಹೈವೇಲಿ, ನೆಟ್ಟಗೆ,” ಎಂದಳು ಮಹಾದೇವಕ್ಕ. “ಆಫೀಸಿಗೆ ಎಷ್ಟೊತ್ತಿಗೆ ಹೋಗ್ತೀಯ?”

“ಏಳಕ್ಕೆ.”

“ಲಾಟೆಲ್ಲ ಖಾಲಿ. ನೆಟ್ಟಗೆ ನುಗ್ಗಿಸಿ ನಿಲ್ಲಿಸ್ತೀಯ. ಸಂಜೆ ನೆಟ್ಟಗೆ ಮುಂದಕ್ಕೆ ತೆಗೀತೀಯ. ತಿರುಗಿಸೋಳು ನಾನು. ತರಕಾರಿ ಅಂಗಡಿ, ಶಾಲೆ, ಬ್ಯಾಂಕು, ಎಲ್ಲಾ ಕಡೆ ಸೊಟ್ಟ ಜಾಗಕ್ಕೆ ತುರುಕೋಳು ನಾನು. ಮತ್ತೆ ನನ್ನ ಕಾಲೇ ಕೆಟ್ಟದ್ದಾದ್ರೆ ಮಳೇಲೂ ಕೆಟ್ಟಿರಬೇಕಲ್ಲ? ಮಳೆ ಬಂದಾಗ ಕಾಲು ಬುದ್ಧಿ ಕಲ್ತ್‌ಕೊಳ್ಳತ್ತಾ?”

ಅಮೂಲ್ಯಾ ನಕ್ಕಳು. “ಡ್ಯಾಡ್, ಶಿ ಹ್ಯಾಸ್ ಎ ಪಾಯಿಂಟ್.”

“ನೀನು ಊಟ ಮಾಡು.”

ಜಯಾ ಗಂಡನ ತಟ್ಟೆಗೆ ಸಾರು ಬಡಿಸಿದಳು. ಬಾಲ್ಟಿಮೋರಿನಲ್ಲಿ ಆಸ್ಪತ್ರೆಯ ಲ್ಯಾಬಿನ ಕೆಲಸ ಅವಳದು. ಯಾವುದನ್ನೂ ಪರೀಕ್ಷೆ ಮಾಡದೆ ನಂಬುವವಳಲ್ಲ. “ಒಂದ್ಸಲ ಗರಾಜಿನೋರಿಗೆ ತೋರ್ಸೋಣ. ಇಲ್ಲೇ ಕೂತು ಕಾಲು ಕೈ ಅಂತ ಯಾಕೆ ಜಗಳ?”

ಶನಿವಾರ ಬೆಳಗ್ಗೆ ಹರಿಯೇ ಕಾರನ್ನು ಗರಾಜಿಗೆ ಒಯ್ದ. ಗರಾಜು ಮನೆಯಿಂದ ಮೂರು ಬೀದಿ. ಮೆಕ್ಯಾನಿಕ್ ಕಾರನ್ನು ಅಂಗಳದಲ್ಲಿ ಎರಡು ಸುತ್ತು ತಿರುಗಿಸಿದ. ಏನೂ ಆಗಲಿಲ್ಲ. ಯಾರು ಓಡಿಸುತ್ತಾರೆ ಎಂದು ಕೇಳಿದ. ತಾಯಿ, ಅರವತ್ತೊಂದು ವಯಸ್ಸು ಎಂದ ಹರಿ. ಮೆಕ್ಯಾನಿಕ್ ಅರ್ಥವಾಯಿತು ಎನ್ನುವಂತೆ ತಲೆಯಾಡಿಸಿದ.

ಆ ತಲೆಯಾಡಿಸುವಿಕೆಯನ್ನು ಹರಿ ಹಾಗೇ ಮನೆಗೆ ತಂದ. ಅಡುಗೆಮನೆಯ ಫೋನಿನ ಪಕ್ಕದ ಕೊಕ್ಕೆಯಲ್ಲಿ ನೇತಾಡುತ್ತಿದ್ದ ಎರಡನೆಯ ಕೀಯನ್ನು ತೆಗೆದು ಜೇಬಿಗೆ ಹಾಕಿಕೊಂಡ. “ಸ್ವಲ್ಪ ದಿನ ಬೇಡ ಅವ್ವ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಯಾರಿಗಾದ್ರೂ ಗುದ್ದಿಬಿಟ್ರೆ?”

“ಕೊಕ್ಕೆಯಿಂದ ತೆಗೆದಿದ್ದೀಯ. ನೀನೇ ಅಲ್ಲಿ ವಾಪಸ್ ಹಾಕ್ತೀಯ, ನೋಡ್ತಿರು,” ಎಂದಳು ಮಹಾದೇವಕ್ಕ. ಧ್ವನಿ ಏರಿಸಲಿಲ್ಲ. ಬೇಯುತ್ತಿದ್ದ ಬೇಳೆಯ ಕಡೆ ತಿರುಗಿದಳು.

*

ಕೀ ಇಲ್ಲದ ಮನೆ ಹೇಗೆ ನಡೆಯುತ್ತದೆ ಎಂದು ಎಲ್ಲರಿಗೂ ಆಗ ಗೊತ್ತಾಯಿತು. ಮಹಾದೇವಕ್ಕ ಮುಷ್ಕರವನ್ನೇನೂ ಹೂಡಲಿಲ್ಲ. ಮನೆಯಲ್ಲಿದ್ದದ್ದನ್ನು ಬೇಯಿಸಿದಳು, ಅಷ್ಟೇ. ಮನೆಯಲ್ಲಿದ್ದದ್ದು ಹುರುಳಿ.

“ಇವತ್ತೂ ಹುರುಳಿ ಸಾರಾ?” ಎಂದ ಹರಿ, ಮುಚ್ಚಳ ತೆಗೆದು.

“ನಿನ್ನೆ ಸಾರು. ಇವತ್ತು ಬಸ್ಸಾರು. ಬೇರೆ ಬೇರೆ.”

“ಕೊತ್ತಂಬರಿ ಸೊಪ್ಪಿಲ್ವಾ?”

“ಕೊತ್ತಂಬರಿ ರೂಟ್ ನಲವತ್ತರಲ್ಲಿದೆ. ನಾನಿಲ್ಲಿದ್ದೀನಿ. ಮಧ್ಯೆ ಕೀ ನಿನ್ನ ಜೇಬಲ್ಲಿದೆ.”

ಜಯಾ ಕೆಲಸ ಮುಗಿಸಿ ಬಾಲ್ಟಿಮೋರಿನಿಂದ ತನ್ನ ಕಾರಿನಲ್ಲಿ ಓಡೋಡಿ ಬಂದು, ಅಮೂಲ್ಯಾಳನ್ನು ಬ್ಯಾಂಡ್ ಪ್ರಾಕ್ಟೀಸಿನಿಂದ ಕರೆತಂದು, ಹಾಲಿಗೆಂದು ಮತ್ತೆ ಹೊರಟು, ಎಂಟಕ್ಕೆ ಊಟಕ್ಕೆ ಕೂರುವಷ್ಟರಲ್ಲಿ ಅವಳ ಮುಖ ಬತ್ತಿರುತ್ತಿತ್ತು. ಮಹಾದೇವಕ್ಕನಿಗೆ ಮೊದಲ ಕ್ಲಾಸು ತಪ್ಪಿಹೋಯಿತು. ಎರಡನೆಯದಕ್ಕೆ ನಿಹಾಲ್ ಇಬ್ಬರನ್ನೂ ಕರೆದೊಯ್ದ. ಮೂರನೆಯದಕ್ಕೆ ಅವನಿಗೆ ಬಿಡುವಿರಲಿಲ್ಲ.

ಜೈನಬ್ ಫೋನ್ ಮಾಡಿದಳು. “ಅಕ್ಕ, ಭಿನ್ನರಾಶಿ ಭಾಗಾಕಾರ ಮುಗಿಸಿಬಿಟ್ರಂತೆ. ನಮಗೆ ಕೂಡಾಕೋದೇ ಬಂದಿಲ್ಲ.”

“ಬರತ್ತೆ. ನೀನು ನಿನ್ನ ಎರಡು ಕಣ್ಣಾರೆ ನೋಡಿದ್ದೆ ತಾನೆ, ನನ್ನ ಕಾಲು?”

“ನೋಡಿದ್ದೆ. ಎಡಗಾಲು ಪಾಪ ಮೂಲೇಲಿ ಸುಮ್ನೆ ಕೂತಿತ್ತು.”

ಮಾರನೆಯ ವಾರ ರೆಸ್ಟನ್ನಿಗೆ ಶೇಷಾದ್ರಿಯ ಕಾರು. ಹರಿಯ ಕಾರು ಮನೆಯಲ್ಲೇ ನಿಂತಿತ್ತು. ಒಂದು ದಿನ ಜಯಾಗೆ ರಜ. ತಿಂಡಿ ಆದಮೇಲೆ ಅವಳು ಗಂಡನ ಕೋಟಿನ ಜೇಬಿನಿಂದ ಕೀ ತಂದು ಅತ್ತೆಯ ಮುಂದಿಟ್ಟಳು.

“ಅತ್ತೆ, ಗರಾಜಿಗೆ ನೀವೇ ಹೋಗ್ಬನ್ನಿ. ಕಾಯಿಲೆಯೋರು ಬರದೇನೆ ಬರೀ ಮನೆಯೋರು ಹೋಗಿ ಹೇಳಿದ್ರೆ ಡಾಕ್ಟರಿಗೆ ಏನು ಗೊತ್ತಾಗತ್ತೆ?”

“ಹರಿ ಕೇಳಿದ್ರೆ ನೀನೇ ಕೊಟ್ಟೆ ಅಂತೀನಿ. ನಂಗೆ ಸುಳ್ಳು ಹೇಳಕ್ಕೆ ಬರಲ್ಲ.”

“ಹೇಳಿ. ನಂಗೂ ಹುರುಳಿ ಸಾಕಾಗಿದೆ.”

*

ಮಹಾದೇವಕ್ಕ ನೇರವಾಗಿ ಗರಾಜಿಗೆ ಹೋಗಲಿಲ್ಲ. ಕಾರು ಹಿಡಿಯುವುದು ಸ್ವಲ್ಪ ದೂರ ಓಡಿದಮೇಲೇ ಹೊರತು ಹೊರಟ ಕೂಡಲೇ ಅಲ್ಲ ಎಂದು ಅವಳು ಗಮನಿಸಿದ್ದಳು. ಹರಿ ಅದನ್ನು ಒಯ್ದದ್ದು ತಣ್ಣಗಿದ್ದಾಗ, ಮೂರು ಬೀದಿ ದೂರ. ಜೈನಬ್‌ಳನ್ನು ಹತ್ತಿಸಿಕೊಂಡು ಪಕ್ಕದ ಊರು ಕೊಲಂಬಿಯಾದವರೆಗೆ ಹೋಗಿ, ಬಂದು, ಎಂಜಿನ್ನು ಚೆನ್ನಾಗಿ ಕಾದಮೇಲೆ ಗರಾಜಿನ ಅಂಗಳಕ್ಕೆ ತಿರುಗಿಸಿದಳು. ದಡ್ ದಡ್ ಎಂದು ಕಾರು ತಾನೇ ಬಾಗಿಲು ತಟ್ಟಿತು.

ಮೆಕ್ಯಾನಿಕ್ ಹೊರಗೆ ಬಂದ. ಮಹಾದೇವಕ್ಕ ಜೈನಬ್‌ಳನ್ನು ಹಿಂದೆ ಕಳಿಸಿ ಪಕ್ಕದ ಸೀಟು ತೋರಿಸಿದಳು. ಸ್ನೀಕರ್ಸಿನ ಮೇಲೆ ಇಳಿಬಿದ್ದ ಸೀರೆಯ ನೆರಿಗೆಯನ್ನು ಒಂದು ಗೇಣು ಎತ್ತಿ ಹಿಡಿದಳು. “ಲುಕ್. ಒನ್ ಫೂಟ್. ಓನ್ಲಿ ಒನ್ ಫೂಟ್ ವರ್ಕಿಂಗ್.”

ಎಡಕ್ಕೆ ಪೂರ್ತಿ ತಿರುಗಿಸಿದಳು. ಕಾರು ಕುಂಟಿತು. ಬಲಕ್ಕೆ ತಿರುಗಿಸಿದಳು, ಕುಂಟಿತು. ಮೆಕ್ಯಾನಿಕ್ ಅವಳ ಕಾಲನ್ನೂ ನೋಡಿದ, ಸ್ಟಿಯರಿಂಗನ್ನೂ ನೋಡಿದ. ಈ ಸಲ ತಲೆಯಾಡಿಸಿದ ರೀತಿ ಬೇರೆಯಿತ್ತು.

ಅವನು ಇಳಿದು ಬಾನೆಟ್ ಎತ್ತಿದ. ಮೂಲೆಯ ಪೆಟ್ಟಿಗೆಯಲ್ಲಿ ಒಂದು ಖಾಲಿ ಗುಳಿ ತೋರಿಸಿದ. ಅದರಲ್ಲಿ ಫ್ಯೂಸ್ ಇಟ್ಟರೆ ಹಿಂದಿನ ಚಕ್ರಗಳಿಗೆ ಬಲ ಹೋಗುವುದು ನಿಲ್ಲುತ್ತದೆ, ಮುಂದಿನ ಎರಡೇ ಎಳೆಯುತ್ತವೆ ಎಂದ. ಫ್ಯೂಸ್ ಸಿಕ್ಕಿಸಿ, “ಈಗ ತಿರುಗಿಸಿ” ಎಂದ.

ಮಹಾದೇವಕ್ಕ ತಿರುಗಿಸಿದಳು. ಕಾರು ಎಣ್ಣೆ ಹಾಕಿದಂತೆ ತಿರುಗಿತು. ಫ್ಯೂಸ್ ತೆಗೆದ. ತಿರುಗಿಸಿದಳು. ಕುಂಟಿತು.

“ಕೇಳಿಸ್ತಾ ಜೈನಬ್?”

“ಹಿಂದೆ ಕೂತಿದ್ದೀನಿ ಅಕ್ಕ. ಸೊಂಟಕ್ಕೇ ಕೇಳಿಸ್ತು.”

ಮೆಕ್ಯಾನಿಕ್ ನಿಧಾನವಾಗಿ, ಕೈಯಾಡಿಸಿ, ಬಿಡಿಸಿ ಹೇಳಿದ. ತಿರುಗುವಾಗ ಮುಂದಿನ ಚಕ್ರ ಹೋಗುವ ದಾರಿ ಉದ್ದ, ಹಿಂದಿನದರ ದಾರಿ ಗಿಡ್ಡ. ಎರಡರ ನಡುವೆ ಗೇರ್‌ಬಾಕ್ಸಿನಲ್ಲಿ ಒಂದು ಕ್ಲಚ್ಚಿದೆ. ತಿರುವಿನಲ್ಲಿ ಅದು ಸಡಿಲ ಬಿಡಬೇಕು. ಇದು ಬಿಡುತ್ತಿಲ್ಲ. ಮುಂದೂ ಹಿಂದೂ ಒಂದನ್ನೊಂದು ಎಳೆದಾಡುತ್ತಿವೆ. ಒದ್ದೆ ನೆಲದಲ್ಲಾದರೆ ಚಕ್ರ ಸ್ವಲ್ಪ ಜಾರಿ ತಪ್ಪಿಸಿಕೊಳ್ಳುತ್ತದೆ, ಒಣನೆಲದಲ್ಲಿ ಜಾಗವಿಲ್ಲ. ಗೇರ್‌ಬಾಕ್ಸ್ ಬಿಚ್ಚಬೇಕು. ದೊಡ್ಡ ಕೆಲಸ.

“ನಾಟ್ ಮೈ ಫೂಟ್?” ಎಂದಳು ಮಹಾದೇವಕ್ಕ.

“ನೋ, ಮ್ಯಾಮ್. ನಾಟ್ ಯುವರ್ ಫೂಟ್.”

*

ಆ ಗೆಲುವು ಸಂಜೆಯವರೆಗೆ ಮಾತ್ರ. ಹರಿ ಬಂದವನೇ ಕೀಯನ್ನು ಮತ್ತೆ ಜೇಬಿಗೆ ಹಾಕಿಕೊಂಡ.

“ಗೇರ್‌ಬಾಕ್ಸಾ?” ಹರಿ ಚಪಾತಿಯನ್ನು ತಟ್ಟೆಗೆ ಬಿಟ್ಟ. “ಆ ದುಡ್ಡಲ್ಲಿ ಇನ್ನೊಂದು ಕಾರೇ ಬರತ್ತೆ! ಕೊಂಡಾಗ ಚೆನ್ನಾಗಿತ್ತು. ದಿನಾ ಲಾಟ್ ಲಾಟಲ್ಲಿ ಹಿಂಡಿ ಹಿಂಡಿ ತಿರುಗಿಸಿದ್ದಕ್ಕೇ ಹೀಗಾಗಿದ್ದು.”

“ಮೊದಲು ಕಾಲು ಅಂದೆ. ಈಗ ಕೈ ಅಂತೀಯ. ನಾಳೆ ನನ್ನ ಕಣ್ಣು ತಾಗ್ತು ಅನ್ನು.”

“ಅವ್ವ, ನಾನು ಬೈತಾ ಇಲ್ಲ. ಇದನ್ನ ಮಾರಿಬಿಡೋಣ. ಆಫೀಸಿಗೆ ಒಂದು ಸಣ್ಣದು ತಗೋತೀನಿ, ಗೇರ್ ಹಾಕೋದು. ಅಗ್ಗ.”

ಗೇರ್ ಹಾಕುವ ಕಾರು ಮಹಾದೇವಕ್ಕನಿಗೆ ಬಾರದು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

“ಅಂದ್ರೆ ಅತ್ತೆಗೆ ಕಾರಿಲ್ಲ,” ಎಂದಳು ಜಯಾ.

“ನೀನಿದ್ದೀಯಲ್ಲ, ಕರ್ಕೊಂಡು ಹೋಗಕ್ಕೆ.”

“ನಾನಾ? ಎರಡು ವಾರ ಮಾಡಿ ನೋಡಿದ್ದೀನಿ ರೀ. ಒಂದು ದಿನ ನೀವು ಮಾಡಿ.”

“ದಿಸ್ ಈಸ್ ಸೋ ಅನ್‌ಫೇರ್,” ಎಂದಳು ಅಮೂಲ್ಯಾ. “ಅಜ್ಜಿ ಈಸ್ ಎ ಬೆಟರ್ ಡ್ರೈವರ್ ದ್ಯಾನ್ ಯು. ಶಿ ಸ್ಟಾಪ್ಸ್ ಅಟ್ ಸ್ಟಾಪ್ ಸೈನ್ಸ್.”

ಮಹಾದೇವಕ್ಕ ಎದ್ದು ಕೈ ತೊಳೆದಳು. “ಮಾರೋದು ಆಮೇಲೆ. ಕೊಂಡಾಗ ಚೆನ್ನಾಗಿತ್ತು ಅಂತ ನೀನೇ ಅಂದೆ. ಹಂಗಾದ್ರೆ ಕೊಂಡಮೇಲೆ ಏನಾಯ್ತು ಅಂತ ನೋಡ್ಬೇಕು. ಅಲ್ಲೀವರೆಗೂ ನನ್ನ ಮೇಲೆ ಯಾವುದನ್ನೂ ಹೊರಿಸಬೇಡ, ನಾನು ಹೊರಲ್ಲ.”

*

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಾಲ್ಕಾರು ಕನ್ನಡದ ಮನೆಯವರು ಊಟಕ್ಕೆ ಬರುವವರಿದ್ದರು. ಬೇಸ್‌ಮೆಂಟಿನಿಂದ ಉದ್ದನೆಯ ಮಡಚುವ ಮೇಜನ್ನು ಹಿಂದಿನ ಶನಿವಾರವೇ ಮೇಲೆ ತರಬೇಕಿತ್ತು. ಅಜ್ಜಿ ಒಂದು ತುದಿ, ಮೊಮ್ಮಗಳು ಒಂದು ತುದಿ ಹಿಡಿದರು. ಹದಿನಾಲ್ಕಕ್ಕೇ ಅಮೂಲ್ಯಾ ಅಜ್ಜಿಗಿಂತ ಒಂದು ತಲೆ ಎತ್ತರ. ಅವಳು ಒಂದು ಹೆಜ್ಜೆ ಇಟ್ಟರೆ ಮಹಾದೇವಕ್ಕ ಒಂದೂಕಾಲು ಇಡಬೇಕು. ಮೇಜು ಮುಂದಕ್ಕೆ ಜಗ್ಗಿತು, ಹಿಂದಕ್ಕೆ ನೂಕಿತು. ಮೆಟ್ಟಿಲ ತಿರುವಿನಲ್ಲಂತೂ ಗೋಡೆಗೆ ಕಚ್ಚಿಕೊಂಡು ನಿಂತೇ ಹೋಯಿತು.

“ಅಜ್ಜಿ, ಫಾಸ್ಟ್ ಬಾ!”

“ನೀನು ಮೆಲ್ಲಗೆ ಹೋಗೇ! ನಿನ್ನ ಹೆಜ್ಜೆ ಉದ್ದ. ಇಬ್ಬರೂ ಒಂದೇ ಮೇಜು ಹಿಡಿದಮೇಲೆ ಇಬ್ಬರ ಹೆಜ್ಜೆನೂ ಒಂದೇ…”

ಮಹಾದೇವಕ್ಕ ಅಲ್ಲೇ ನಿಂತಳು. ಮೇಜಿನ ಭಾರ ಪೂರ್ತಿ ಅಮೂಲ್ಯಾಳ ಮೇಲೆ ಬಿತ್ತು.

“ಅಜ್ಜಿ! ಹೆವಿ!”

“ಇಳಿಸು, ಇಳಿಸು. ಇಲ್ಲೇ ಇರ್ಲಿ.” ಅವಳು ಆಗಲೇ ಮನೆಯ ಗರಾಜಿನ ಬಾಗಿಲ ಕಡೆ ನಡೆದಿದ್ದಳು. ಕಾರಿನ ಹಿಂದಿನ ಎಡ ಟೈರಿನ ಮುಂದೆ ಕೂತು ಬೆರಳಿನಿಂದ ಅದರ ಗೀರುಗಳ ಆಳ ಮುಟ್ಟಿ ನೋಡಿದಳು. ಬೆರಳಿನ ತುದಿ ಒಳಗೆ ಹೋಯಿತು. ಮುಂದಿನ ಟೈರು ಮುಟ್ಟಿದಳು. ಅಲ್ಲಿ ಉಗುರು ಮಾತ್ರ ಹೋಯಿತು. ಹೊಸ ಟೈರು ದಪ್ಪ. ದಪ್ಪಗಿದ್ದರೆ ಹೆಜ್ಜೆ ಉದ್ದ. ನಾಲ್ಕೂ ಒಂದೇ ಸಮ ಇರಬೇಕು ಎಂದು ಅಂಗಡಿಯವನು ಅಂದದ್ದು ಕಿವಿಗೆ ಬಂತು. ಅದಕ್ಕೆ ತಾನು ಅಂದದ್ದೂ ಬಂತು.

ಆಮೇಲೆ ಎದ್ದು ಮಂಡಿ ಒರೆಸಿಕೊಂಡು, “ಅಮ್ಮು, ಒಳಗಿಂದ ರಂಗೋಲಿ ಡಬ್ಬ ತಾ. ಕುಂಕುಮದ ದೊಡ್ಡ ಡಬ್ಬಾನೂ. ನಿಮ್ಮಪ್ಪನ್ನೂ ಕರಿ” ಎಂದಳು.

*

ಹರಿ ಬಂದಾಗ ಅವನ ತಾಯಿ ರಂಗೋಲಿ ಪುಡಿಯನ್ನು ನೀರಲ್ಲಿ ಕಲಸಿ, ಮುಂದಿನ ಎರಡು ಟೈರಿನ ಮೇಲೆ ಬಿಳಿಯ ಗೆರೆ ಎಳೆದಿದ್ದಳು. ಹಿಂದಿನ ಎರಡರ ಮೇಲೆ ಕುಂಕುಮದ ಕೆಂಪು ಗೆರೆ.

“ಏನವ್ವ ಇದು? ಮತ್ತೆ ಪೂಜೆನಾ?”

“ಕಾರನ್ನ ಡ್ರೈವ್‌ವೇಲಿ ನೆಟ್ಟಗೆ ತಳ್ಳಿ. ಸುತ್ತು ಬಂದಾಗಲೆಲ್ಲ ಗೆರೆ ನೆಲದ ಮೇಲೆ ಬೀಳತ್ತೆ. ಯಾವ ಚಕ್ರ ಎಷ್ಟು ದೂರ ಹೆಜ್ಜೆ ಹಾಕತ್ತೆ ನೋಡೋಣ.” ಅವಳು ಡ್ರೈವರ್ ಸೀಟಿಗೆ ಹತ್ತಿ ಕೂತಳು.

“ನೀನಲ್ಲ, ನಾನು ಹಿಡೀತೀನಿ ಸ್ಟಿಯರಿಂಗು.”

“ತಳ್ಳೋ ಶಕ್ತಿ ಯಾರಿಗಿದೆ, ನಂಗೋ ನಿಂಗೋ? ಎಂಜಿನ್ ಆಫ್ ಇದೆ ಕಣಪ್ಪ. ಇದು ಡ್ರೈವಿಂಗಲ್ಲ. ತಳ್ಳು.”

ಹರಿ, ಜಯಾ, ಅಮೂಲ್ಯಾ ಮೂವರೂ ಹಿಂದೆ ನಿಂತು ತಳ್ಳಿದರು. ಕೀ ತಿರುಗಿಸಿ ಗೇರನ್ನು ನ್ಯೂಟ್ರಲಿಗೆ ಹಾಕಿಕೊಟ್ಟವನು ಹರಿಯೇ. ಎದುರುಮನೆಯ ನಾಯಿ ಬೊಗಳಿತು. ಅದರ ಯಜಮಾನ ಬಾಗಿಲಿಗೆ ಬಂದು, ಕಾರು ಕೆಟ್ಟಿದೆಯೆಂದುಕೊಂಡು ತಾನೂ ಕೈ ಹಚ್ಚಲು ಹೊರಟ. “ಥ್ಯಾಂಕ್ಯೂ, ನೋ! ಓನ್ಲಿ ಟೆಸ್ಟಿಂಗ್!” ಎಂದು ಮಹಾದೇವಕ್ಕ ಕಿಟಕಿಯಿಂದ ಕೂಗಿದಳು.

ಕಾರು ಸರಿದ ದಾರಿಯಲ್ಲಿ ಬಿಳಿಯ ಗೆರೆ, ಕೆಂಪು ಗೆರೆ ಬಿದ್ದಿದ್ದವು. ಹೂ ಕಟ್ಟುವ ದಾರವನ್ನು ಜಯಾ ಒಂದು ತುದಿ, ಅಮೂಲ್ಯಾ ಒಂದು ತುದಿ ಹಿಡಿದು ಅಳೆದರು. ಬಲಗಡೆ ಎರಡು ಬಿಳಿಗೆರೆಯ ನಡುವಿನ ದಾರವನ್ನು ಎರಡು ಕೆಂಪುಗೆರೆಯ ನಡುವೆ ಹಿಡಿದರೆ ಸರಿಸಮ. ಎಡಗಡೆಗೆ ಬಂದರು. ಬಿಳಿಗೆರೆಗೆ ದಾರ ಸರಿಹೋಯಿತು. ಕೆಂಪಿಗೆ ಸಾಲಲಿಲ್ಲ. ಎರಡು ಬೆರಳಿನಷ್ಟು ಕೊರತೆ.

“ಮತ್ತೊಂದ್ಸಲ ಅಳಿ,” ಎಂದ ಹರಿ. ಅಳೆದರು. ಅಷ್ಟೇ.

ಜಯಾ ದಾರವನ್ನು ಗಂಡನ ಕಣ್ಣೆದುರು ಹಿಡಿದಳು. “ಒಂದು ಸುತ್ತಿಗೆ ಇಷ್ಟು. ಇಲ್ಲಿಂದ ಶಾಲೆಗೆ ಹೋಗೋಷ್ಟರಲ್ಲಿ ಎಷ್ಟು ಸುತ್ತು? ನೇರ ಹೋಗ್ವಾಗ್ಲೂ ಆ ಕ್ಲಚ್ಚು ಉಜ್ಜಿ ಉಜ್ಜಿ ಕಾಯ್ತಾ ಇರತ್ತೆ. ಕಾದಮೇಲೆ ತಿರುಗಿಸಿದ್ರೆ ಕಚ್ಕೊಳ್ಳತ್ತೆ.”

ಹರಿ ಮೆಕ್ಯಾನಿಕ್‌ಗೆ ಫೋನ್ ಮಾಡಿದ. ಆ ಕಡೆಯವನು, ಟೈರಿನ ಮೇಲಿನ ನಂಬರು ಮಾತ್ರ ನೋಡಿದ್ದೆ, ಸವೆತ ನೋಡಲಿಲ್ಲ, ಎಂದ. ಮೊದಲು ನಾಲ್ಕೂ ಟೈರು ಒಂದೇ ಮಾಡಿ, ಗೇರಿನ ಎಣ್ಣೆ ಬದಲಾಯಿಸಿ ಓಡಿಸಿ ನೋಡೋಣ. ಕ್ಲಚ್ಚು ಪೂರ್ತಿ ಸುಟ್ಟಿಲ್ಲದಿದ್ದರೆ ಬಿಚ್ಚುವುದೇ ಬೇಡ, ಎಂದ.

*

ಅಂದು ಊಟಕ್ಕೆ ಅನ್ನ, ಹುಳಿ, ಆಲೂಗಡ್ಡೆ ಪಲ್ಯ. ಹರಿಯ ಮುಖದಲ್ಲಿ ಒಂದು ನಗು ಆಡುತ್ತಿತ್ತು. ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವವರೆಗೂ ತಡೆದುಕೊಂಡ.

“ಅಲ್ಲವ್ವ, ಟೈರಿನ ಅಂಗಡೀಲಿ ಒಂದೇ ಸಾಕು ಅಂದೋರು ಯಾರು?”

ಜಯಾ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

“ರವಿಕೆ ಕಣ, ಸೀರೆ ಅಂತ ಏನೋ ಹೇಳಿದ್ರಲ್ಲ, ಯಾರದು?”

“ನಾನು,” ಎಂದಳು ಮಹಾದೇವಕ್ಕ. “ಗರಾಜಲ್ಲಿ ಟೈರ್ ಮುಟ್ಟಿದಾಗಲೇ ನೆನಪಾಯ್ತು. ಸುಮ್ನಿದ್ದಿದ್ರೆ ನೀನು ಕಾರು ಮಾರ್ತಿದ್ದೆ, ಯಾರಿಗೂ ಗೊತ್ತಾಗ್ತಿರಲಿಲ್ಲ. ಅದಕ್ಕೇ ರಂಗೋಲಿ ತರಿಸ್ದೆ.”

“ಅಂದ್ರೆ ಕೊನೆಗೂ ತಪ್ಪು ನಿಂದೇ!”

“ನಂದೇ. ಆದ್ರೆ ಯಾವುದರ ತಪ್ಪು ಅಂತ ಸರಿಯಾಗಿ ಹೇಳು. ನನ್ನ ಬಾಯಿದು. ಕಾಲಿಂದಲ್ಲ, ಕೈದಲ್ಲ. ನೀನು ಬೀಗ ಹಾಕಿದ್ದು ಕಾಲಿಗೆ. ಬಾಯಿಗೆ ಬೈ, ಎಷ್ಟು ಬೇಕಾದ್ರೂ ಬೈ, ಕೇಳ್ತೀನಿ. ಕಾಲಿನ ಕೀ ಕೊಡು.”

“ಅಲ್ಲ, ನಾನೇನಂದೆ ಅಂದ್ರೆ…”

“ಒಂದೇ ಸಾಕು ಅಂತ ನಾನಂದಾಗ, ಅಂಗಡಿಯೋನು ಸರಿ ಹೇಳ್ತಿದ್ದಾನೆ ಅವ್ವ ಅಂತ ನೀನಂದ್ಯಾ? ನಿನ್ನ ಇಂಜಿನಿಯರಿಂಗ್‌ಗೆ ನಾನು ಎಷ್ಟು ರವಿಕೆ ಹೊಲಿದಿದ್ದೀನಿ ಗೊತ್ತಾ? ದುಡ್ಡು ಉಳೀತಲ್ಲ ಅಂತ ನೀನೂ ಬಾಯಿ ಮುಚ್ಕೊಂಡಿದ್ದೆ. ಮುಚ್ಚಿದ ಬಾಯಿದೂ ಅರ್ಧ ತಪ್ಪಿದೆ.”

ಅಮೂಲ್ಯಾ ಮೇಜು ಕುಟ್ಟಿ ನಕ್ಕಳು. ಜಯಾ ನಗು ತಡೆಯಲು ಹೋಗಿ ಹುಳಿಯನ್ನು ಮೇಜಿನ ಮೇಲೆ ಬಡಿಸಿದಳು. ಹರಿ ಎಡಗೈಯಿಂದ ಜೇಬು ತಡಕಿ, ಕೀ ತೆಗೆದು, ತಾಯಿಯ ಕಡೆ ಚಾಚಿದ.

ಮಹಾದೇವಕ್ಕ ಕೈ ಮುಂದೆ ಮಾಡಲಿಲ್ಲ. “ಕೊಕ್ಕೆಯಿಂದ ತೆಗೆದಿದ್ದೆ,” ಎಂದಳು.

ಹರಿ ಊಟದ ನಡುವೆ ಎದ್ದು ಹೋಗಿ ಕೀಯನ್ನು ಕೊಕ್ಕೆಗೆ ಹಾಕಿ ಬಂದ.

*

ನಾಲ್ಕು ಹೊಸ ಟೈರು ಬಂದವು. ಗೇರಿನ ಎಣ್ಣೆ ಬದಲಾಯಿತು. ಸರಿಹೋಗಿದೆಯೋ ಇಲ್ಲವೋ ನೋಡಬೇಕು ಎಂದು ಕ್ಲಾಸಿನ ಸಂಜೆ ಹರಿಯೂ ಕಾರು ಹತ್ತಿದ. ಮುಂದಿನ ಸೀಟು ಜೈನಬ್‌ಳದು, ಅವಳು ಬಿಟ್ಟುಕೊಡಲಿಲ್ಲ. ಹರಿ ಹಿಂದೆ ಮಂಡಿ ಮಡಚಿಕೊಂಡು ಕೂತ.

ಎಂಜಿನ್ನು ಕಾಯಲೆಂದು ಮಹಾದೇವಕ್ಕ ಸುತ್ತುದಾರಿ ಹಿಡಿದಳು. ಶಾಲೆಯ ಲಾಟು ಒಣಗಿತ್ತು, ಅರ್ಧಕ್ಕರ್ಧ ಖಾಲಿ. ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದಳು. ಕಾರು ತಿರುಗಿತು, ತಿರುಗುತ್ತಲೇ ಇತ್ತು. ಜೈನಬ್‌ಳ ಮಡಿಲಿನ ಪುಸ್ತಕ ಕೂಡ ಅಲುಗಲಿಲ್ಲ. ಬಲಕ್ಕೆ ತಿರುಗಿಸಿದಳು. ಹಾಗೇ ನುಣ್ಣಗೆ ತಿರುಗಿತು.

“ಸರಿ ಅವ್ವ, ಗೊತ್ತಾಯ್ತು. ನಿಲ್ಸು,” ಎಂದ ಹರಿ.

ಮಹಾದೇವಕ್ಕ ಮತ್ತೆ ಎಡಕ್ಕೆ ತಿರುಗಿಸಿದಳು.

“ಅಕ್ಕ, ಕ್ಲಾಸಿಗೆ ಹೊತ್ತಾಗತ್ತೆ.”

“ಆಗ್ಲಿ. ಇವನು ಇನ್ನೊಂದ್ಸಲ ಕೇಳಿಸ್ಕೊಳ್ಲಿ, ಏನೂ ಕೇಳಿಸಲ್ಲ ಅಂತ.”

ಆಮೇಲೆ ಎರಡು ಕಾರುಗಳ ನಡುವಿನ ಒಂದು ಸೊಟ್ಟ ಜಾಗವನ್ನೇ ಹುಡುಕಿ ಹೊಗಿಸಿ ನಿಲ್ಲಿಸಿದಳು. ಎಲ್ಲರೂ ಇಳಿದರು. ಹರಿ ವಾಡಿಕೆಯಂತೆ ಕೈ ಚಾಚಿದ. “ಕೀ ಕೊಡವ್ವ. ನಾನು ಮನೆಗೆ ಹೋಗಿ, ಕ್ಲಾಸ್ ಮುಗಿಯೋಷ್ಟರಲ್ಲಿ ಬರ್ತೀನಿ.”

ಮಹಾದೇವಕ್ಕ ಕೀಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.

“ಒಳಗೆ ಬೆಂಚಿದೆ, ಬೆಚ್ಚಗಿದೆ. ಕೂತಿರು. ಕ್ಲಾಸ್ ಮುಗಿದಮೇಲೆ ಮನೆಗೆ ನಾನೇ ಕರ್ಕೊಂಡು ಹೋಗ್ತೀನಿ,” ಎಂದು ಜೈನಬ್‌ಳ ಕೈ ಹಿಡಿದು ಶಾಲೆಯ ಮೆಟ್ಟಿಲು ಹತ್ತಿದಳು.